ಯಾವ ಮಷಿನ್‌ನಲ್ಲಿ ಯಾವ ವಿಂಡೋಸ್? ಕೂತಲ್ಲಿಂದಲೇ ಹುಡುಕಿದ ಲೆಕ್ಕ

ಕೆಲಸ ಮುಗಿದು ನಾಲ್ಕು ದಿನ ಆಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಇದೇ ಕೆಲಸ ನಿಮಗೂ ಬಂದರೆ ನಾನು ಕಳೆದ ಸಮಯವಾದರೂ ನಿಮಗೆ ಉಳಿಯಲಿ.

ನನ್ನದು ಸಾಗರದಲ್ಲಿ ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಹತ್ತಿರದ ಒಂದು ಶಿಕ್ಷಣ ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತಲ್ಲ, ಆಮೇಲೆ ಆಫೀಸಿನ ಮೇಡಂ ಕರೆದು ಕೇಳಿದರು: "ನಮ್ಮಲ್ಲಿ ಯಾವುದರಲ್ಲಿ ಏನಿದೆ ಅಂತ ಒಂದು ಪಟ್ಟಿ ಕೊಡಿ ಸರ್. ಬಜೆಟ್‌ಗೆ ಹಾಕಬೇಕು."

ಸ್ಟಾಕ್ ರಿಜಿಸ್ಟರ್‌ನಲ್ಲಿ 52 ಕಂಪ್ಯೂಟರ್, 4 ಪ್ರಿಂಟರ್, 2 ಕ್ಯಾಮೆರಾ ಡಿವಿಆರ್ ಇದ್ದವು. ಎಲ್ಲವೂ ಮೂರು ಕಟ್ಟಡದಲ್ಲಿ ಹರಡಿಕೊಂಡಿವೆ. ಅರ್ಧಕ್ಕೆ ಪಾಸ್‌ವರ್ಡ್ ಇದೆ, ಯಾರದ್ದೆಂದು ಯಾರಿಗೂ ಗೊತ್ತಿಲ್ಲ. ಒಂದೊಂದೇ ಕೊಠಡಿಗೆ ಹೋಗಿ ನೋಡಬಹುದಿತ್ತು. ಆದರೆ ರಿಜಿಸ್ಟರ್‌ನಲ್ಲಿ ಇಲ್ಲದ್ದು ನೆಟ್‌ವರ್ಕ್‌ನಲ್ಲಿ ಏನಿದೆ ಅಂತ ಹಾಗೆ ತಿಳಿಯುವುದಿಲ್ಲ. ಅದಕ್ಕೇ ದೂರದಿಂದ ನೋಡುವ ದಾರಿ ಹಿಡಿದೆ.

ಮೊದಲು ಮಾಡಿದ ಕೆಲಸ ಒಂದು ಪತ್ರ. ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ "ನಮ್ಮ ನೆಟ್‌ವರ್ಕ್ ಸ್ಕ್ಯಾನ್ ಮಾಡಲು ಒಪ್ಪಿಗೆ ಇದೆ" ಎಂದು ಬರೆಸಿ, ಕಾರ್ಯದರ್ಶಿಗಳ ಸಹಿ ಮತ್ತು ದಿನಾಂಕ ಹಾಕಿಸಿಕೊಂಡೆ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್‌ಗೆ ಕೈ ಹಾಕುವುದು 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತದೆ. ಬಾಯಿಮಾತಿನ ಒಪ್ಪಿಗೆ ಸಾಕು ಅಂದುಕೊಳ್ಳಬೇಡಿ. ಕಾಗದ ಇರಲಿ.

ಸಾಮಾನು: ಉಬುಂಟು ಹಾಕಿದ ನನ್ನ ಹಳೇ ಲ್ಯಾಪ್‌ಟಾಪ್, ಒಂದು ಲ್ಯಾನ್ ಕೇಬಲ್, ಒಂದು ನೋಟ್‌ಬುಕ್. ಪ್ರೋಗ್ರಾಂ ಎಲ್ಲಾ ಉಚಿತ: ಪಿಂಗ್, ಎಆರ್‌ಪಿ-ಸ್ಕ್ಯಾನ್, ಎನ್‌ಮ್ಯಾಪ್, ಟಿಸಿಪಿಡಂಪ್. ಮಧ್ಯದಲ್ಲಿ ಇನ್ನೆರಡು ಸೇರಿದವು.

1. ನವೆಂಬರ್ 8, ಶನಿವಾರ ಮಧ್ಯಾಹ್ನ: ಪಿಂಗ್

ಮಕ್ಕಳು ಹೋದ ಮೇಲೆ ಅಟೆಂಡರ್ ಅಣ್ಣನಿಗೆ ಹೇಳಿ ಎಲ್ಲಾ ಕೊಠಡಿಯ ಮಷಿನ್ ಆನ್ ಮಾಡಿಸಿದೆ. 192.168.1.1ರಿಂದ 254ರವರೆಗೆ ಪಿಂಗ್ ("ಇದ್ದೀಯಾ?" ಅಂತ ಕೇಳುವ ಸಂದೇಶ) ಕೊಟ್ಟೆ. ಉತ್ತರ ಬಂದದ್ದು 23.

ಪಿಂಗ್ ಉತ್ತರದಲ್ಲಿ ಟಿಟಿಎಲ್ ಅಂತ ಒಂದು ಸಂಖ್ಯೆ ಇರುತ್ತದೆ. ವಿಂಡೋಸ್ 128ರಿಂದ ಶುರು ಮಾಡುತ್ತದೆ, ಲಿನಕ್ಸ್ ಮತ್ತು ಆ್ಯಪಲ್ ಮ್ಯಾಕ್ 64ರಿಂದ, ಕೆಲವು ನೆಟ್‌ವರ್ಕ್ ಸಾಮಾನು 255ರಿಂದ. ದಾರಿಯಲ್ಲಿ ಸಿಗುವ ಒಂದೊಂದು ರೂಟರ್ ಒಂದೊಂದು ಕಳೆಯುತ್ತದೆ. ಒಂದೇ ಲ್ಯಾನ್‌ನಲ್ಲಿ ಏನೂ ಕಳೆಯುವುದಿಲ್ಲ, ಶುರುವಿನ ಸಂಖ್ಯೆಯೇ ಬರುತ್ತದೆ.

ನನಗೆ ಬಂದದ್ದು: 64 ಹದಿಮೂರು, 128 ಎಂಟು, 255 ಒಂದು, 65 ಒಂದು.

ಇಲ್ಲಿ ಮೊದಲ ತಪ್ಪು ಮಾಡಿದೆ. "ಹದಿಮೂರು ಲಿನಕ್ಸ್ ಕಂಪ್ಯೂಟರ್ ಇವೆ" ಅಂತ ಮೇಡಂಗೆ ಅವತ್ತು ಸಂಜೆಯೇ ಹೇಳಿಬಿಟ್ಟೆ. ಆ 13ರಲ್ಲಿ ನಿಜವಾದ ಲಿನಕ್ಸ್ ಕಂಪ್ಯೂಟರ್ ಇದ್ದದ್ದು ಮೂರೇ. ಉಳಿದವು ಮುಖ್ಯ ರೂಟರ್, ಮೂರು ವೈ-ಫೈ ರೂಟರ್, ಮೂರು ಪ್ರಿಂಟರ್, ಎರಡು ಡಿವಿಆರ್, ಮತ್ತು ಒಬ್ಬ ಮೇಷ್ಟ್ರು ಪಾಠಕ್ಕೆ ಇಟ್ಟುಕೊಂಡಿದ್ದ ವರ್ಚುವಲ್‌ಬಾಕ್ಸ್ ಮಷಿನ್ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್). ಡಿವಿಆರ್, ವೈ-ಫೈ ರೂಟರ್ ಒಳಗೆಲ್ಲ ಇರುವುದು ಹೆಚ್ಚಾಗಿ ಪುಟ್ಟ ಲಿನಕ್ಸ್. ಅವೂ 64 ಅನ್ನುತ್ತವೆ. ಸೋಮವಾರ ಮೇಡಂಗೆ ಫೋನ್ ಮಾಡಿ ಮಾತು ತಿದ್ದಿಕೊಂಡೆ.

65 ಬಂದ ಮಷಿನ್ ಬಹಳ ಹೊತ್ತು ತಲೆ ತಿಂದಿತು. 128ರಿಂದ ಇಳಿದು 65 ಆಗಬೇಕಾದರೆ ಮಧ್ಯೆ 63 ರೂಟರ್ ಇರಬೇಕು. ಅದು ಇದ್ದದ್ದು ನನ್ನ ಪಕ್ಕದ ಸ್ವಿಚ್‌ನಲ್ಲೇ. ನೋಟ್‌ಬುಕ್‌ನಲ್ಲಿ ಪ್ರಶ್ನೆ ಗುರುತು ಹಾಕಿ ಮುಂದೆ ಹೋದೆ.

2. ಅದೇ ದಿನ ಸಂಜೆ: ಎಆರ್‌ಪಿ, ಆಮೇಲೆ ಎನ್‌ಮ್ಯಾಪ್

ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಸುಮ್ಮನಿರಬಹುದು. ಎಆರ್‌ಪಿಗೆ (ಲ್ಯಾನ್‌ನಲ್ಲಿ "ಈ ವಿಳಾಸ ಯಾರದ್ದು?" ಅಂತ ಕೇಳುವ ಕೂಗು) ಸುಮ್ಮನಿರಲು ಆಗುವುದಿಲ್ಲ, ಉತ್ತರ ಕೊಡದಿದ್ದರೆ ಅದಕ್ಕೆ ಲ್ಯಾನ್‌ನಲ್ಲಿ ಬದುಕೇ ಇಲ್ಲ. ಎಆರ್‌ಪಿ-ಸ್ಕ್ಯಾನ್ ಓಡಿಸಿದೆ. ಐದಾರು ಸೆಕೆಂಡಿನಲ್ಲಿ 51 ವಿಳಾಸ. ಪಿಂಗ್‌ಗಿಂತ 28 ಜಾಸ್ತಿ! ಇದನ್ನೇ ಮೊದಲು ಮಾಡಬೇಕಿತ್ತು.

ಜೊತೆಗೆ ಲ್ಯಾನ್ ಕಾರ್ಡಿನದೇ ಗುರುತು ಸಂಖ್ಯೆಯಾದ ಮ್ಯಾಕ್ ವಿಳಾಸವೂ ಸಿಗುತ್ತದೆ. ಅದರ ಮೊದಲ ಮೂರು ಜೋಡಿ ನೋಡಿದರೆ ಲ್ಯಾನ್ ಕಾರ್ಡ್ ಯಾರದ್ದು ಅಂತ ಗೊತ್ತಾಗುತ್ತದೆ. ಪ್ರಿಂಟರ್‌ಗಳು, ಡಿವಿಆರ್‌ಗಳು ಅಲ್ಲೇ ಬೇರೆಯಾದವು. 08:00:27 ಅಂತ ಶುರುವಾದದ್ದು ವರ್ಚುವಲ್‌ಬಾಕ್ಸ್. ಇನ್ನೆರಡರ ಎರಡನೇ ಅಂಕಿ ನೋಡಿ ಅವು ಸುಳ್ಳು ಮ್ಯಾಕ್ ಹಾಕಿಕೊಂಡ ಫೋನ್‌ಗಳು ಅಂತ ತಿಳಿಯಿತು. ಆ ಜಾಗದಲ್ಲಿ 2, 6, ಎ, ಇ ಇದ್ದರೆ ಅದು ಕಂಪನಿ ಕೊಟ್ಟ ಮ್ಯಾಕ್ ಅಲ್ಲ.

ಇವನ್ನೆಲ್ಲ ತೆಗೆದ ಮೇಲೆ ಉಳಿದದ್ದು 38 ಕಂಪ್ಯೂಟರ್.

ಮುಂದೆ ನೆಟ್‌ವರ್ಕ್ ಸ್ಕ್ಯಾನ್ ಮಾಡುವ ಎನ್‌ಮ್ಯಾಪ್, 'ಮೈನಸ್ ದೊಡ್ಡ ಓ' ಆಯ್ಕೆ. ಆಪರೇಟಿಂಗ್ ಸಿಸ್ಟಂ ಗುರುತಿಸಲೆಂದೇ 1998ರಲ್ಲಿ ಸೇರಿಸಿದ ಆಯ್ಕೆ ಇದು. 16ರವರೆಗೆ ವಿಚಿತ್ರ ಪ್ಯಾಕೆಟ್ (ನೆಟ್‌ವರ್ಕ್‌ನ ಸಣ್ಣ ಸಂದೇಶ) ಕಳಿಸಿ, ಉತ್ತರದ ಚಹರೆಯನ್ನು ತನ್ನ ಪಟ್ಟಿಗೆ ಹೋಲಿಸುತ್ತದೆ. ಸುಡೋ (ಲಿನಕ್ಸ್‌ನಲ್ಲಿ ಅಡ್ಮಿನ್ ಹಕ್ಕು) ಬೇಕು. ಚೆನ್ನಾಗಿ ಕೆಲಸ ಮಾಡಲು ಎದುರಿನ ಮಷಿನ್‌ನಲ್ಲಿ ಕನಿಷ್ಠ ಒಂದು ತೆರೆದ ಪೋರ್ಟ್ (ಒಂದೊಂದು ಸೇವೆಗೂ ಇರುವ ಸಂಖ್ಯೆಯ ಬಾಗಿಲು), ಒಂದು ಮುಚ್ಚಿದ ಪೋರ್ಟ್ ಸಿಗಬೇಕು. ಫೈರ್‌ವಾಲ್ ಇರುವ ವಿಂಡೋಸ್‌ನಲ್ಲಿ ಎರಡೂ ಸಿಗುವುದಿಲ್ಲ, ಎಲ್ಲಾ ಪೋರ್ಟೂ ಮೌನ. 51ರಲ್ಲಿ 22ಕ್ಕೆ ಮಾತ್ರ ತೃಪ್ತಿಯ ಉತ್ತರ ಬಂತು. ಉಳಿದದ್ದಕ್ಕೆಲ್ಲ "ಬಹಳ ಚಹರೆಗಳು ಹೊಂದುತ್ತಿವೆ" ಅನ್ನುವ ಅದೇ ಸಾಲು.

ಎರಡನೇ ತಪ್ಪು ಇಲ್ಲೇ ಆಯಿತು, ಇದನ್ನು ದಯವಿಟ್ಟು ಗಮನಿಸಿ. ಇನ್ನೂ ಜಾಸ್ತಿ ಮಾಹಿತಿ ಸಿಗಲಿ ಅಂತ ವರ್ಷನ್ ಸ್ಕ್ಯಾನ್ (ಯಾವ ಪೋರ್ಟಿನಲ್ಲಿ ಯಾವ ಪ್ರೋಗ್ರಾಂ ಅಂತ ನೋಡುವುದು) ಜೊತೆ 'ಆಲ್‌ಪೋರ್ಟ್ಸ್' ಅನ್ನುವ ಆಯ್ಕೆ ಸೇರಿಸಿದೆ. ಎನ್‌ಮ್ಯಾಪ್ ವರ್ಷನ್ ಸ್ಕ್ಯಾನ್‌ನಲ್ಲಿ 9100ರಿಂದ 9107ರವರೆಗಿನ ಪೋರ್ಟ್ ಬಿಟ್ಟು ಹೋಗುತ್ತದೆ. ಕಾರಣ, ಅದು ಪ್ರಿಂಟರ್‌ಗಳ ಪೋರ್ಟ್. ಅಲ್ಲಿ ಏನು ಕಳಿಸಿದರೂ ಪ್ರಿಂಟರ್ ಅದನ್ನು ಕಾಗದಕ್ಕೆ ಇಳಿಸುತ್ತದೆ. ನಾನು ಆ ಕಾವಲು ತೆಗೆದುಹಾಕಿದ್ದೆ. ಹತ್ತು ನಿಮಿಷದಲ್ಲಿ ಅಟೆಂಡರ್ ಅಣ್ಣ ಓಡಿ ಬಂದರು: "ಸರ್, ಬೀಗ ಹಾಕಿದ ರೂಮಲ್ಲಿ ಪ್ರಿಂಟರ್ ಓಡ್ತಾ ಇದೆ!" ಮೂರು ಪ್ರಿಂಟರ್‌ನಿಂದ ಒಟ್ಟು 11 ಹಾಳೆ ಬಂದಿದ್ದವು. ಒಂದೊಂದರ ತುದಿಯಲ್ಲಿ ಒಂದೆರಡು ಅರ್ಥವಿಲ್ಲದ ಸಾಲು. ಒಂದು ಪ್ರಿಂಟರ್ ಸ್ಥಗಿತವಾಗಿ, ಪ್ಲಗ್ ತೆಗೆದು ಹಾಕಿದ ಮೇಲೆ ಸರಿಹೋಯಿತು. ಆ ಅಣ್ಣನಿಗೆ ಏನಾಯಿತು ಅಂತ ಬಿಡಿಸಿ ಹೇಳಿದೆ. ಪಾಪ, ಅವರು ನಿಜಕ್ಕೂ ಹೆದರಿದ್ದರು.

ಆಮೇಲಿನ ಎಲ್ಲ ಸ್ಕ್ಯಾನ್‌ನಲ್ಲೂ ನಾಲ್ಕು ಪ್ರಿಂಟರ್‌ನ ವಿಳಾಸ ಹೊರಗಿಟ್ಟೆ.

3. ನವೆಂಬರ್ 15, ಶನಿವಾರ: 445ರ ಬಾಗಿಲು

38ರಲ್ಲಿ ಮೂರು ಲಿನಕ್ಸ್ ಬೇಗ ಖಚಿತವಾದವು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಪೋರ್ಟ್ 22ಕ್ಕೆ ಹೋದ ಕೂಡಲೇ ಅದು ತನ್ನ ವರ್ಷನ್ ಹೇಳುತ್ತದೆ. ಎರಡರಲ್ಲಿ ಓಪನ್‌ಎಸ್‌ಎಸ್‌ಎಚ್ 8.9ಪಿ1, ಅಂದರೆ ಉಬುಂಟು 22.04. ಒಂದರಲ್ಲಿ 7.6ಪಿ1, ಅದು 18.04.

ಉಳಿದ 35 ವಿಂಡೋಸ್. ಅವುಗಳಲ್ಲಿ 16ರಲ್ಲಿ ಫೈಲ್ ಹಂಚಿಕೆಯ ಪೋರ್ಟ್ 445 ತೆರೆದಿತ್ತು. ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ. ಎನ್‌ಮ್ಯಾಪ್‌ನ ಎಸ್‌ಎಂಬಿ-ಪ್ರೋಟೋಕಾಲ್ಸ್ ಸ್ಕ್ರಿಪ್ಟ್ ಓಡಿಸಿದರೆ ಆ ಮಷಿನ್ ಎಸ್‌ಎಂಬಿಯ (ವಿಂಡೋಸ್ ಫೈಲ್ ಹಂಚಿಕೆಯ ಭಾಷೆ) ಯಾವ ಯಾವ ಆವೃತ್ತಿ ಮಾತಾಡುತ್ತದೆ ಅಂತ ಬರುತ್ತದೆ. ಮೊದಲನೇ ಆವೃತ್ತಿ ಒಂದೇ ಗೊತ್ತಿದ್ದರೆ ಎಕ್ಸ್‌ಪಿ ಕಾಲದ್ದು. 2.1ಕ್ಕೆ ನಿಂತರೆ ವಿಂಡೋಸ್ 7. 3.0 ಆದರೆ 8, 3.0.2 ಆದರೆ 8.1. 3.1.1 ಬಂದರೆ 10 ಅಥವಾ 11. ಇದು ಊಹೆ ಅಲ್ಲ, ಮಷಿನ್ ತಾನೇ ಒಪ್ಪಿಕೊಳ್ಳುವ ಮಾತು. ಟಿಟಿಎಲ್‌ಗಿಂತ ಇದನ್ನು ಹತ್ತು ಪಾಲು ಜಾಸ್ತಿ ನಂಬುತ್ತೇನೆ.

10 ಮತ್ತು 11 ಬೇರೆ ಮಾಡಲು ನೆಟ್‌ಎಕ್ಸೆಕ್ ಅನ್ನುವ ಇನ್ನೊಂದು ಪ್ರೋಗ್ರಾಂ ಬಳಸಿದೆ. ಲಾಗಿನ್ ಮಾತುಕತೆ ಶುರುವಾಗುವಾಗ, ಪಾಸ್‌ವರ್ಡ್ ಕೊಡುವ ಮುಂಚೆಯೇ, ವಿಂಡೋಸ್ ತನ್ನ ಬಿಲ್ಡ್ ಸಂಖ್ಯೆ (ಆವೃತ್ತಿಯ ಒಳ ಸಂಖ್ಯೆ) ಹೇಳಿಬಿಡುತ್ತದೆ. 7601 ಅಂದರೆ ವಿಂಡೋಸ್ 7 ಸರ್ವೀಸ್ ಪ್ಯಾಕ್ 1. 22000 ಮತ್ತು ಅದರ ಮೇಲೆ ಅಂದರೆ 11. ಒಂದು ಎಚ್ಚರಿಕೆ: ಎಲ್ಲಾ ವಿಂಡೋಸ್ 10 ಮಷಿನ್‌ನಲ್ಲೂ ನನಗೆ 19041 ಅಂತಲೇ ಬಂತು. ಪರದೆಯ ಮುಂದೆ ಹೋಗಿ ನೋಡಿದರೆ 19045. ಕೊನೆಯ ಕೆಲವು ಆವೃತ್ತಿಗಳ ಬುಡ ಒಂದೇ, ಅದಕ್ಕೇ ಹೀಗೆ. 19041 ಕಂಡ ತಕ್ಷಣ "ಅಪ್‌ಡೇಟ್ ಆಗಿಲ್ಲ" ಅಂತ ಬರೆಯಬೇಡಿ.

16ರ ಲೆಕ್ಕ: ವಿಂಡೋಸ್ 10 ಎಂಟು, 11 ಮೂರು, 7 ನಾಲ್ಕು, ಎಕ್ಸ್‌ಪಿ ಒಂದು.

ಎಕ್ಸ್‌ಪಿ ಕಂಡಾಗ ಎದೆ ಧಸಕ್ಕೆಂದಿತು. ಅದಕ್ಕೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಅದು ಇದ್ದದ್ದು ಶುಲ್ಕ ಕಟ್ಟುವ ಕೌಂಟರ್‌ನಲ್ಲಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಜೊತೆ. ಇಡೀ ಸಂಸ್ಥೆಯ ದುಡ್ಡಿನ ಲೆಕ್ಕ ಅದರಲ್ಲಿದೆ, ಇಂಟರ್‌ನೆಟ್ ಕೂಡ ಇತ್ತು.

4. ನವೆಂಬರ್ 17, ಸೋಮವಾರ ಬೆಳಿಗ್ಗೆ: ಬರೀ ಕೇಳಿಸಿಕೊಳ್ಳುವುದು

ಇನ್ನು 19 ಮೌನ ಮಷಿನ್. ಕೇಳಿದರೆ ಹೇಳದವು ತಾವಾಗಿ ಏನು ಮಾತಾಡುತ್ತವೆ ನೋಡೋಣ ಅಂತ ಪಿ-ಝೀರೋ-ಎಫ್ ಹಾಕಿಕೊಂಡೆ. ಇದು ಒಂದೂ ಪ್ಯಾಕೆಟ್ ಕಳಿಸುವುದಿಲ್ಲ. ಹಾದು ಹೋಗುವ ಸಂಪರ್ಕಗಳ ಮೊದಲ ಪ್ಯಾಕೆಟ್ ನೋಡಿ ಚಹರೆ ಹೇಳುತ್ತದೆ.

ಒಂದು ಗಂಟೆ ಕಾದೆ, ಏನೂ ಇಲ್ಲ. ನನ್ನ ಲ್ಯಾಪ್‌ಟಾಪ್ ಬಿಟ್ಟು ಬೇರೆ ಯಾರದ್ದೂ ಕಾಣಲಿಲ್ಲ. ನಾನು ಸಿಕ್ಕಿಸಿದ್ದು ಸಾಮಾನ್ಯ ಸ್ವಿಚ್‌ಗೆ. ಸ್ವಿಚ್ ಯಾರ ಪ್ಯಾಕೆಟ್ ಅವರಿಗೆ ಮಾತ್ರ ಕೊಡುತ್ತದೆ. ಗೊತ್ತಿದ್ದ ವಿಷಯವೇ, ಆ ಹೊತ್ತಿಗೆ ಹೊಳೆಯಲಿಲ್ಲ.

ಆದರೆ ಬಂದ ಪ್ಯಾಕೆಟ್‌ಗಳನ್ನು ಹಾಗೇ ತೋರಿಸುವ ಟಿಸಿಪಿಡಂಪ್ ಪಕ್ಕದ ಕಿಟಕಿಯಲ್ಲಿ ಓಡುತ್ತಿತ್ತು. ಒಂಬತ್ತೂವರೆಗೆ ಒಂದೊಂದೇ ಕೊಠಡಿ ತೆರೆದು ಮಷಿನ್ ಆನ್ ಮಾಡುತ್ತಿದ್ದಂತೆ ಅದರಲ್ಲಿ ಸಾಲುಗಳು ಬೀಳತೊಡಗಿದವು. ಡಿಎಚ್‌ಸಿಪಿ! ಮಷಿನ್ ಎದ್ದ ಕೂಡಲೇ "ನನಗೊಂದು ವಿಳಾಸ ಕೊಡಿ" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಇದು ಸಾಮಾನ್ಯ ಸ್ವಿಚ್‌ನಲ್ಲೂ ಬರುತ್ತದೆ.

ಆ ಕೂಗಿನಲ್ಲಿ 55ನೇ ಆಯ್ಕೆ ಅಂತ ಒಂದು ಪಟ್ಟಿ ಇದೆ, "ನನಗೆ ಇವಿವು ಬೇಕು" ಅನ್ನುವ ಸಂಖ್ಯೆಗಳು. ಅದರ ಕ್ರಮವೇ ಗುರುತು. ವಿಂಡೋಸ್ 7 ಕೇಳುವುದು 1, 15, 3, 6, 44, 46, 47 ಹೀಗೆ. ವಿಂಡೋಸ್ 10 ಕೇಳುವುದು 1, 3, 6, 15, 31, 33, 43 ಹೀಗೆ. 60ನೇ ಆಯ್ಕೆಯಲ್ಲಿ ಎರಡೂ ಒಂದೇ ಹೆಸರು ಹೇಳುತ್ತವೆ, ಅದನ್ನು ನೋಡಿ ಪ್ರಯೋಜನ ಇಲ್ಲ. ಆಂಡ್ರಾಯ್ಡ್ ಫೋನ್ ಮಾತ್ರ ಅಲ್ಲಿ ತನ್ನ ಆವೃತ್ತಿಯನ್ನೇ ಹೇಳಿಕೊಳ್ಳುತ್ತದೆ.

ಮಧ್ಯಾಹ್ನದ ಹೊತ್ತಿಗೆ 19ರಲ್ಲಿ 18 ಸಿಕ್ಕವು: ವಿಂಡೋಸ್ 7 ಒಂದು, ಉಳಿದ 17ರದ್ದು 10ರ ಕ್ರಮ. ಒಂದು ಮಾತ್ರ ಕೇಳಲೇ ಇಲ್ಲ, ಕೈಯಲ್ಲಿ ಹಾಕಿದ ಸ್ಥಿರ ವಿಳಾಸ. ಅದು ಅದೇ 65ರ ಮಷಿನ್. ಎದ್ದು ಹೋಗಿ ನೋಡಿದೆ, ಅಕೌಂಟ್ಸ್ ವಿಭಾಗದ ವಿಂಡೋಸ್ 10. ಇಂಟರ್‌ನೆಟ್ ಹೋದಾಗ ಮೊಬೈಲ್ ಹಾಟ್‌ಸ್ಪಾಟ್ ಬಳಸಲು ಯಾರೋ ವಿಡಿಯೊ ನೋಡಿ ಟಿಟಿಎಲ್ ಅನ್ನು 65 ಮಾಡಿದ್ದರು. ಫೋನ್ ದಾಟಿದಾಗ 64 ಆಗುತ್ತದೆ, ಮೊಬೈಲ್ ಕಂಪನಿಗೆ ಫೋನಿನದೇ ಅನ್ನಿಸುತ್ತದೆ ಅನ್ನುವ ಲೆಕ್ಕ. 128ಕ್ಕೆ ವಾಪಸ್ ಮಾಡಿದೆ.

ಮೂರನೇ ತಪ್ಪು: ಆ 17ಕ್ಕೂ ಪಟ್ಟಿಯಲ್ಲಿ "ವಿಂಡೋಸ್ 10" ಅಂತ ಬರೆದೆ. ಡಿಎಚ್‌ಸಿಪಿ ಕ್ರಮದಲ್ಲಿ 10 ಮತ್ತು 11ಕ್ಕೆ ವ್ಯತ್ಯಾಸ ಕಾಣುವುದಿಲ್ಲ ಅಂತ ಆಮೇಲೆ ಹೊಳೆಯಿತು. ಕೊನೆಗೆ ನಡೆದು ಹೋಗಿ ನೋಡಿದಾಗ ನಾಲ್ಕು 11 ಆಗಿದ್ದವು. "10 ಅಥವಾ 11" ಅಂತ ಬರೆದಿದ್ದರೆ ಪಟ್ಟಿ ಸುಳ್ಳಾಗುತ್ತಿರಲಿಲ್ಲ.

5. ಹನ್ನೆರಡು ಕಂಪ್ಯೂಟರ್ ಎಲ್ಲಿ?

38 ಸಿಕ್ಕವು. ಸ್ಟೋರ್ ರೂಮಿನಲ್ಲಿ ಕೆಟ್ಟು ಕೂತದ್ದು 2. ರಿಜಿಸ್ಟರ್‌ನಲ್ಲಿ 52. ಹನ್ನೆರಡು ಕಾಣುತ್ತಿಲ್ಲ. ಮೇಡಂ ಹೇಳಿದರು, "ಹಳೇ ಬ್ಲಾಕಿನ ಲ್ಯಾಬ್‌ನಲ್ಲಿ ಹನ್ನೆರಡು ಇವೆಯಲ್ಲ ಸರ್, ಮಕ್ಕಳು ದಿನಾ ಕೂರ್ತಾರೆ." ಕರೆಂಟ್ ಇತ್ತು, ಮಷಿನ್ ಆನ್ ಇದ್ದವು, ಇಂಟರ್‌ನೆಟ್ ಬರುತ್ತಿತ್ತು. ನನ್ನ ಪಟ್ಟಿಯಲ್ಲಿ ಮಾತ್ರ ಇಲ್ಲ.

ಸೋಮವಾರದ ಡಿಎಚ್‌ಸಿಪಿ ದಾಖಲೆ ಮತ್ತೆ ತೆಗೆದೆ. ಮೂರು ವೈ-ಫೈ ರೂಟರ್‌ಗಳಲ್ಲಿ ಒಂದು, 192.168.1.137, ತಾನೇ ವಿಳಾಸ ಕೇಳಿತ್ತು. ಉಳಿದೆರಡಕ್ಕೆ ನಾನೇ ಸ್ಥಿರ ವಿಳಾಸ ಹಾಕಿದ್ದೆ. ಇದು ನಾನು ಬರುವ ಮುಂಚೆ ಯಾರೋ ಹಾಕಿದ್ದು. ಅನುಮಾನ ಬಂತು.

6. ನವೆಂಬರ್ 22, ಶನಿವಾರ: ಒಂದೇ ವಿಳಾಸ, ಎರಡು ಮಾತು

ಟಿಪಿ-ಲಿಂಕ್‌ನ ಐದು ಪೋರ್ಟಿನ ಟಿಎಲ್-ಎಸ್‌ಜಿ105ಇ ಸ್ವಿಚ್ ತರಿಸಿದ್ದೆ, ₹2,450. ಇದರಲ್ಲಿ ಪೋರ್ಟ್ ಮಿರರಿಂಗ್ ಇದೆ, ಒಂದು ಪೋರ್ಟಿನಲ್ಲಿ ಹೋಗುವುದನ್ನೆಲ್ಲ ಇನ್ನೊಂದರಲ್ಲಿ ನಕಲು ಕೊಡುತ್ತದೆ. ಮುಖ್ಯ ರೂಟರ್ ಮತ್ತು ದೊಡ್ಡ ಸ್ವಿಚ್ ನಡುವೆ ಇದನ್ನು ಕೂರಿಸಿ, ಐದನೇ ಪೋರ್ಟಿಗೆ ಲ್ಯಾಪ್‌ಟಾಪ್ ಹಾಕಿದೆ. ಎರಡು ಪ್ಯಾಚ್ ಕೇಬಲ್ ₹240.

ಪಿ-ಝೀರೋ-ಎಫ್ ಈ ಸಲ ನಿಲ್ಲದೆ ಬರೆಯತೊಡಗಿತು. ಮಿಕ್ಕ ವಿಂಡೋಸ್ ಮಷಿನ್‌ಗಳ ಟಿಟಿಎಲ್ 128, ದೂರ ಸೊನ್ನೆ (ಮಧ್ಯೆ ರೂಟರ್ ಇಲ್ಲ). 137ರಿಂದ ಬಂದದ್ದು 127, ದೂರ ಒಂದು, ಚಹರೆ ವಿಂಡೋಸ್. ಅದೇ 137ಕ್ಕೆ ನಾನು ಪಿಂಗ್ ಕೊಟ್ಟರೆ ಉತ್ತರ 64, ಎನ್‌ಮ್ಯಾಪ್ ಕೇಳಿದರೆ ಲಿನಕ್ಸ್.

ಎರಡೂ ನಿಜ. ಕೇಳಿದ್ದಕ್ಕೆ ಉತ್ತರ ಕೊಡುವುದು ರೂಟರ್. ಒಳಗಿಂದ ಹೊರಗೆ ಹೋಗುವುದು ಅದರ ಹಿಂದೆ ನ್ಯಾಟ್‌ನಲ್ಲಿ (ಒಳಗಿನ ಎಲ್ಲವೂ ರೂಟರ್‌ನ ಒಂದೇ ವಿಳಾಸದಲ್ಲಿ ಹೊರಗೆ ಹೋಗುವ ಏರ್ಪಾಡು) ಕೂತ ಮಕ್ಕಳ ಕಂಪ್ಯೂಟರ್‌ಗಳು, ರೂಟರ್ ದಾಟುವಾಗ ಒಂದು ಕಳೆದುಕೊಂಡು. ನ್ಯಾಟ್ ವಿಳಾಸ ಬದಲಿಸುತ್ತದೆ, ಪ್ಯಾಕೆಟ್‌ನ ಚಹರೆಯನ್ನಲ್ಲ. ಮಧ್ಯೆ ಕೆಲವು 63 ಕೂಡ ಬಂದವು, ಆ ವೈ-ಫೈಗೆ ಸೇರಿದ್ದ ಫೋನ್‌ಗಳು. ಈ ಒಂದು ಸಾಲಿಗಾಗಿ ಎರಡು ವಾರ ಕೆಲಸ ಮಾಡಿದ್ದು ಸಾರ್ಥಕ ಅನ್ನಿಸಿತು.

ಯಾವ ವಿಂಡೋಸ್ ಅನ್ನುವುದಕ್ಕೆ ಪಿ-ಝೀರೋ-ಎಫ್ ಅಷ್ಟು ಸಾಲದು. ಅದರ ಮೂರನೇ ಆವೃತ್ತಿ 2012ರದ್ದು, ವಿಂಡೋಸ್ 10 ಅದಕ್ಕೆ ಹೆಸರಿನಿಂದ ಗೊತ್ತಿಲ್ಲ. ಕೆಲವಕ್ಕೆ "7 ಅಥವಾ 8", ಕೆಲವಕ್ಕೆ ಬರೀ "ಎನ್‌ಟಿ ಕರ್ನಲ್" ಅಂದಿತು. ಡಿಎನ್‌ಎಸ್ ಪ್ರಶ್ನೆ (ವೆಬ್‌ಸೈಟ್ ಹೆಸರಿಗೆ ವಿಳಾಸ ಕೇಳುವುದು) ನೋಡಿದೆ. ಇಂಟರ್‌ನೆಟ್ ಇದೆಯೋ ಅಂತ ಪರೀಕ್ಷಿಸಲು ವಿಂಡೋಸ್ 7 ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಡಾಟ್ ಎಂಎಸ್‌ಎಫ್‌ಟಿಎನ್‌ಸಿಎಸ್‌ಐ ಡಾಟ್ ಕಾಮ್ ಹುಡುಕುತ್ತದೆ, 10 ಮತ್ತು 11 ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಡಾಟ್ ಎಂಎಸ್‌ಎಫ್‌ಟಿಕನೆಕ್ಟ್‌ಟೆಸ್ಟ್ ಡಾಟ್ ಕಾಮ್. 137ರಿಂದ ಎರಡೂ ಹೋಗುತ್ತಿದ್ದವು. ಎಷ್ಟೆಷ್ಟು ಅಂತ ಹೊರಗಿನಿಂದ ಎಣಿಸಲು ಆಗಲಿಲ್ಲ. ನಡೆದು ಹೋದೆ: ವಿಂಡೋಸ್ 7 ಒಂಬತ್ತು, 10 ಮೂರು.

7. ಆ ರೂಟರ್ ಸರಿ ಮಾಡಿದ್ದು

ರೂಟರ್ ಅನ್ನು ಬರೀ ಆ್ಯಕ್ಸೆಸ್ ಪಾಯಿಂಟ್ (ಬೇರೆ ನೆಟ್‌ವರ್ಕ್ ಮಾಡದೆ ವೈ-ಫೈ ಮಾತ್ರ ಕೊಡುವುದು) ಮಾಡಬೇಕು: ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್, ವಿಳಾಸ 192.168.1.3, ಕೇಬಲ್ ವ್ಯಾನ್ (ಇಂಟರ್‌ನೆಟ್ ಕಡೆಯ) ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ. ನಾನು ಕೇಬಲ್ ಮೊದಲು ಬದಲಿಸಿದೆ. ಅದರ ಡಿಎಚ್‌ಸಿಪಿ ಇನ್ನೂ ಓಡುತ್ತಿತ್ತು. ಆಗ ತಾನೇ ಆನ್ ಆದ ಆಫೀಸಿನ ನಾಲ್ಕು ಮಷಿನ್‌ಗೆ 192.168.0ರ ವಿಳಾಸ ಕೊಟ್ಟುಬಿಟ್ಟಿತು. ಇಂಟರ್‌ನೆಟ್ ಇಲ್ಲ ಅಂತ ಇಪ್ಪತ್ತು ನಿಮಿಷ ಆಫೀಸ್ ಕೆಲಸ ನಿಂತಿತು. ಮೊದಲು ಡಿಎಚ್‌ಸಿಪಿ ಆಫ್, ಆಮೇಲೆ ವಿಳಾಸ, ಕೊನೆಗೆ ಕೇಬಲ್. ಈ ಕ್ರಮ ತಪ್ಪಿಸಬೇಡಿ.

ಸರಿಪಡಿಸಿ ಮತ್ತೆ ಎಆರ್‌ಪಿ-ಸ್ಕ್ಯಾನ್ ಓಡಿಸಿದೆ. ಹನ್ನೆರಡೂ ಸಾಲಾಗಿ ಬಂದವು. ಟಿಟಿಎಲ್ 128, ದೂರ ಸೊನ್ನೆ.

ಮೇಡಂಗೆ ಕೊಟ್ಟ ಪಟ್ಟಿ

ವಿಂಡೋಸ್ 10: 25
ವಿಂಡೋಸ್ 7: 14
ವಿಂಡೋಸ್ 11: 7
ಉಬುಂಟು: 3
ಎಕ್ಸ್‌ಪಿ: 1
ಕೆಟ್ಟದ್ದು: 2

ಖರ್ಚು ₹2,690, ಜೊತೆಗೆ ಹನ್ನೊಂದು ಹಾಳೆ. ಸಮಯ ಸುಮಾರು 14 ಗಂಟೆ.

ಬಾಕಿ ಇರುವುದು: 18.04 ಉಬುಂಟುವನ್ನು ಹೊಸದು ಮಾಡಬೇಕು. 25 ವಿಂಡೋಸ್ 10ರಲ್ಲಿ ಎಷ್ಟಕ್ಕೆ ಟಿಪಿಎಂ 2.0 (ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್) ಇದೆ ಅಂತ ಒಂದೊಂದೇ ನೋಡಬೇಕು, ಅದು ನೆಟ್‌ವರ್ಕ್‌ನಿಂದ ಕಾಣುವುದಿಲ್ಲ. ಎಕ್ಸ್‌ಪಿ ಮಷಿನ್‌ನ ಲ್ಯಾನ್ ಕೇಬಲ್ ಅವತ್ತೇ ತೆಗೆದು, ತುದಿಗೆ ಟೇಪ್ ಸುತ್ತಿ, "ಹಾಕಬೇಡಿ" ಅಂತ ಬರೆದು ಗೋಡೆಗೆ ಕಟ್ಟಿದ್ದೇನೆ. ಮಾರ್ಚ್ ಲೆಕ್ಕ ಮುಗಿಯುವವರೆಗೆ ಅದು ಹಾಗೇ ರಸೀದಿ ಹೊಡೆಯಲಿ, ದಿನಾ ಸಂಜೆ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿ ಆಗಲಿ ಅಂತ ಮೇಡಂ ಜೊತೆ ಮಾತಾಗಿದೆ.